ಕೊನೆಯ ಎರಡು ವರ್ಷ ಬಿಟ್ಟು ಬರೆಯಬೇಕಾ?

ಮರೆವಿನ ಕಾಯಿಲೆ ಬಂದ ಅಪ್ಪನನ್ನೋ ಅಮ್ಮನನ್ನೋ ಕೊನೆವರೆಗೂ ನೋಡಿಕೊಂಡವರು ಮನಸ್ಸಿನ ಸಲಹೆಗೆ ನನ್ನ ಹತ್ತಿರ ಬಂದಾಗ ಒಂದು ಮಾತನ್ನು ಮತ್ತೆ ಮತ್ತೆ ಹೇಳುತ್ತಾರೆ. "ಎಲ್ಲರೂ ಅವರ ಒಳ್ಳೇತನ ನೆನೆಸಿಕೊಳ್ತಾರೆ ಮೇಡಂ, ನನಗೆ ಮಾತ್ರ ಕೊನೇ ದಿನಗಳೇ ಕಣ್ಮುಂದೆ ಬರುತ್ತೆ." ಏನೋ ತಪ್ಪು ಮಾಡಿದವರ ಹಾಗೆ ದನಿ ತಗ್ಗಿಸಿ ಹೇಳುತ್ತಾರೆ. ಹೆಚ್ಚಿನವರು ಹೆಣ್ಣುಮಕ್ಕಳು, ಸೊಸೆಯಂದಿರು. ಇದನ್ನು ಬರೆಯುತ್ತಿರುವುದು ಅವರಿಗಾಗಿ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಬಂದವರು ಓದಿ ಒಪ್ಪಿದ್ದಾರೆ.

ಹಾಗೆ ಬಂದ ಒಬ್ಬ ಮಗಳ ತಂದೆ ಮನಃಶಾಸ್ತ್ರದ ಮೇಷ್ಟ್ರು. ಮೈಸೂರಿನಲ್ಲಿ ಓದಿ, ಬೇರೆ ಊರಿನ ಕಾಲೇಜಿನಲ್ಲಿ ನಿವೃತ್ತಿಯವರೆಗೂ ಪಾಠ ಮಾಡಿದವರು. ಪ್ರತಿ ವರ್ಷ ಮೊದಲ ಕ್ಲಾಸಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರ ಕತೆ ಹೇಳುತ್ತಿದ್ದರಂತೆ. 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ವಿಭಾಗ ಕಟ್ಟಿದ ಪ್ರೊಫೆಸರ್, 1935ರಲ್ಲಿ ತಮ್ಮ ಮನೆಯಲ್ಲೇ ಆಕಾಶವಾಣಿ ಅನ್ನೋ ರೇಡಿಯೋ ಕೇಂದ್ರ ಶುರು ಮಾಡಿದರಲ್ಲ, ಆ ಕತೆ. ಮನಸ್ಸಿನ ವಿಷಯ ಕಲಿತವನು ಕಾಲೇಜಿನ ಗೋಡೆಯೊಳಗೇ ಕೂರಬಾರದು ಅಂತ ಕೊನೆಗೆ ಸೇರಿಸುತ್ತಿದ್ದರು. ಅವರೂ ಕೂರಲಿಲ್ಲ. ಶನಿವಾರ ಮಧ್ಯಾಹ್ನ ಬಿನೆ-ಕಾಮತ್ ಬುದ್ಧಿ ಪರೀಕ್ಷೆಯ ಪೆಟ್ಟಿಗೆಯನ್ನು ಸ್ಕೂಟರಿಗೆ ಕಟ್ಟಿಕೊಂಡು ಹಳ್ಳಿ ಶಾಲೆಗಳಿಗೆ ಹೋಗುತ್ತಿದ್ದರು. ದಡ್ಡ ಅಂತ ಕೊನೆ ಬೆಂಚಿನಲ್ಲಿ ಕೂರಿಸಿದ ಮಗುವನ್ನು ಕರೆದು, ಜೊತೆಗೆ ಕೂತು, ಇವನಿಗೆ ಕಿವಿ ಸರಿಯಾಗಿ ಕೇಳಿಸಲ್ಲ, ಇವಳಿಗೆ ಅಕ್ಷರ ತಿರುಗುಮುರುಗು ಕಾಣುತ್ತೆ ಅಂತ ಹೆಡ್‌ಮಾಸ್ಟರಿಗೆ ಹೇಳಿ ಬರುತ್ತಿದ್ದರು.

ಮನೆಯಲ್ಲೂ ಅಷ್ಟೇ. ಪ್ರತಿ ಜೂನ್‌ನಲ್ಲಿ ಮಕ್ಕಳಿಬ್ಬರ ಪುಸ್ತಕಕ್ಕೆ ಅವರೇ ಬೈಂಡ್ ಹಾಕಿ, ಲೇಬಲ್ ಅಂಟಿಸಿ, ದುಂಡಗಿನ ಅಕ್ಷರದಲ್ಲಿ ಹೆಸರು ಬರೆಯುತ್ತಿದ್ದರು. ಸಂಜೆ ಹೆಂಡತಿಯ ಜೊತೆ ತರಕಾರಿಗೆ ಹೋಗುವುದನ್ನು ಯಾವ ಮೀಟಿಂಗ್‌ಗೂ ತಪ್ಪಿಸಿದವರಲ್ಲ. ಮಗಳನ್ನು ಕೊನೆವರೆಗೂ ಪುಟ್ಟಿ ಅಂತಲೇ ಕರೆದರು. ಕೊನೆವರೆಗೂ ಅಂದರೆ, ಕಾಯಿಲೆ ಬರುವವರೆಗೂ.

ತೀರಿಕೊಂಡು ಹತ್ತು ತಿಂಗಳಾಗಿತ್ತು. ವರ್ಷಾಬ್ದಿಕದ ಹೊತ್ತಿಗೆ ಹಳೇ ವಿದ್ಯಾರ್ಥಿಗಳು ನೆನಪಿನ ಸಂಚಿಕೆ ತರುತ್ತಿದ್ದರು. ಅಣ್ಣ ಹೊರದೇಶದಿಂದ ತನ್ನ ಲೇಖನ ಕಳಿಸಿ ಆಗಿತ್ತು. ಮಗಳಿಂದ ಎರಡು ಪುಟ ಬೇಕಿತ್ತು. ಆಕೆ ಕೂತರೆ ಒಂದು ಸಾಲೂ ಬರುತ್ತಿರಲಿಲ್ಲ. ಬೇರೆಯವರ ಬರಹ ಓದಿದರೆ ಹೊಟ್ಟೆಯಲ್ಲಿ ಸಂಕಟ. ಸುಳ್ಳು ಬರೆದಿದ್ದಾರಾ ಅಂತ ಕೇಳಿದೆ. "ಇಲ್ಲ ಮೇಡಂ, ಎಲ್ಲಾ ನಿಜ. ಅದೇ ಕಷ್ಟ" ಅಂದರು.

ಯಾರೋ ನೆಂಟರು, ನೀನಿನ್ನೂ ದುಃಖದ ಐದು ಹಂತದಲ್ಲಿ ಎರಡನೇದರಲ್ಲೇ ಇದ್ದೀಯ, ಸಿಟ್ಟಿನ ಹಂತ, ಅಂದಿದ್ದರಂತೆ. ಆ ಐದು ಹಂತಗಳ ಮಾತು ಕೇಳಿದಾಗಲೆಲ್ಲ ನನಗೆ ಬೇಜಾರಾಗುತ್ತೆ. ಎಲಿಜಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಅದನ್ನು ಹೇಳಿದ್ದು ಸಾವು ಹತ್ತಿರವಾದ ರೋಗಿಗಳ ಜೊತೆ ಮಾತಾಡಿ. ಉಳಿದವರ ದುಃಖ ಹಾಗೆ ಮೆಟ್ಟಿಲಿಳಿದು ಹೋಗುವುದಿಲ್ಲ. ಇನ್ನೊಂದನ್ನೂ ನೋಡಿಕೊಂಡೆ. 6 ತಿಂಗಳು ದಾಟಿಯೂ ದಿನದ ಕೆಲಸವೇ ನಿಂತುಹೋಗುವಷ್ಟು ದುಃಖ ಇದ್ದರೆ ಅದನ್ನು ಕಾಯಿಲೆ ಅಂತ ಗುರುತಿಸುತ್ತೆ ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ರೋಗಪಟ್ಟಿ. ಈಕೆ ಕೆಲಸಕ್ಕೆ ಹೋಗುತ್ತಿದ್ದರು, ಅಡುಗೆ ಮಾಡುತ್ತಿದ್ದರು, ನಿದ್ದೆ ಪರವಾಗಿಲ್ಲ. ಸಿಕ್ಕಿಹಾಕಿಕೊಂಡಿದ್ದು ಬೇರೆಲ್ಲೋ.

ಅದು ಎಲ್ಲಿ ಅಂತ ನಿಧಾನಕ್ಕೆ ತಿಳಿಯಿತು. ಅಪ್ಪನಿಗೆ ಪೆನ್ಷನ್ ಪಾಸ್‌ಬುಕ್ಕಿನ ಚಿಂತೆ. ಎಲ್ಲೋ ಬಚ್ಚಿಡುವರು, ಬಚ್ಚಿಟ್ಟಿದ್ದೇ ಮರೆಯುವರು. ಒಂದು ರಾತ್ರಿ ಬೀರು ಪೂರ್ತಿ ಖಾಲಿ ಮಾಡಿ, ಮಗಳ ಕೈ ಹಿಡಿದು, "ಕಳ್ಳಿ, ಎಲ್ಲಿಟ್ಟೆ ಹೇಳು" ಅಂತ ಕೂಗಿದರು. ಪಕ್ಕದ ಮನೆಯ ಲೈಟ್ ಹತ್ತಿತು. ಪಾಸ್‌ಬುಕ್ ಬೆಳಿಗ್ಗೆ ಅಕ್ಕಿ ಡಬ್ಬದಲ್ಲಿ ಸಿಕ್ಕಿತು. ಆ ರಾತ್ರಿ ದೇವರ ಮನೆಯಲ್ಲಿ ಕೂತು, ಇದೊಂದು ಮುಗಿದುಹೋಗಲಿ ಅಂತ ಬೇಡಿಕೊಂಡೆ ಅಂದರು. ಹಾಗೆ ಬೇಡಿಕೊಂಡವಳು ಯಾವ ಮುಖ ಇಟ್ಟುಕೊಂಡು ಲೇಖನ ಬರೆಯಲಿ ಅನ್ನುವುದು ಅವರ ಪ್ರಶ್ನೆ.

ಅವತ್ತು ನಾನು ಸಮಾಧಾನ ಹೇಳಲು ಹೋಗಲಿಲ್ಲ. ಕಾಯಿಲೆಯ ಬಗ್ಗೆ ಸ್ವಲ್ಪ ಹೇಳಿದೆ. ಈಗಷ್ಟೇ ನಡೆದದ್ದು ಮನಸ್ಸಿನಲ್ಲಿ ನಿಲ್ಲದಿದ್ದಾಗ, ವಸ್ತು ಕಾಣೆಯಾಗಿದ್ದಕ್ಕೆ ಮನಸ್ಸು ಒಂದು ಕಾರಣ ಹುಡುಕುತ್ತೆ. ಯಾರೋ ತಗೊಂಡರು ಅನ್ನುವುದು ಕೈಗೆ ಸಿಗುವ ಕಾರಣ. ಆ ಯಾರೋ ಅಂದರೆ ಸದಾ ಹತ್ತಿರ ಇರುವವರೇ ಆಗುತ್ತಾರೆ. ವರ್ಷಕ್ಕೊಮ್ಮೆ ಬರುವ ಮಗ ಕಳ್ಳ ಆಗುವುದು ಅಪರೂಪ.

ಮುಂದಿನ ಸಲ ಬಂದಾಗ ಸುಮ್ನೆ, ಕಾಯಿಲೆ ಅಂತ ಗೊತ್ತಾದದ್ದು ಹೇಗೆ ಅಂತ ಕೇಳಿದೆ. ಆಗ ಅವರ ಮುಖವೇ ಬೇರೆಯಾಯಿತು.

ಆಸ್ಪತ್ರೆಯಲ್ಲಿ ಒಬ್ಬಳು ಚಿಕ್ಕ ಹುಡುಗಿ ಪರೀಕ್ಷೆ ಮಾಡುತ್ತಿದ್ದಳಂತೆ. ಅಂಕಿ ಹೇಳ್ತೀನಿ ಸರ್, ಹಾಗೇ ವಾಪಸ್ ಹೇಳಿ ಅಂದಳು. ಫೋನ್ ನಂಬರ್ ಹೇಳುವ ಥರ ಎರಡೆರಡು ಸೇರಿಸಿ ಬೇಗ ಬೇಗ ಹೇಳಿದಳು. ಮೇಷ್ಟ್ರು ಕೈ ಎತ್ತಿದರು. "ತಡೀಮ್ಮ. ಜೋಡಿ ಮಾಡಬಾರದು. ಸೆಕೆಂಡಿಗೆ ಒಂದು. ದನಿ ಒಂದೇ ಸಮ ಇರಬೇಕು, ಕೊನೇ ಅಂಕಿಗೆ ಮಾತ್ರ ಸ್ವಲ್ಪ ಇಳಿಸು." ಮೇಜಿನ ಮೇಲೆ ಬೆರಳಿನಿಂದ ಟಕ್, ಟಕ್ ಅಂತ ತಾಳ ಹಾಕಿ ತೋರಿಸಿದರು. ಆ ಹುಡುಗಿ ಎದ್ದು ನಿಂತೇಬಿಟ್ಟಳು. ಸಾರಿ ಸರ್ ಅಂತ ಮತ್ತೆ ಸರಿಯಾಗಿ ಹೇಳಿದಳು. ಐದು ಅಂಕಿ ಹೇಳಿದರು. ಆಮೇಲೆ ಹಿಂದುಮುಂದಾಗಿ ಹೇಳಿ ಅಂದಾಗ ಮೂರು ಅಂಕಿಯೂ ಬರಲಿಲ್ಲ. ಮಗಳ ಕಡೆ ತಿರುಗಿ, ನಾನೇನು ಮಾಡ್ತಿದ್ದೆ ಅಂತ ಕೇಳಿದರು. ವಾಪಸ್ ಬರುವಾಗ ಆಟೋದಲ್ಲಿ, "ಆ ಹುಡುಗಿ ಕಲೀತಾಳೆ, ಹೇಳಿದ ತಕ್ಷಣ ತಿದ್ದಿಕೊಂಡಳು" ಅಂದರಂತೆ.

ಇದನ್ನು ಹೇಳುತ್ತಾ ಮಗಳು ನಕ್ಕರು. ನನ್ನೆದುರು ಅವರು ನಕ್ಕಿದ್ದು ಅದೇ ಮೊದಲು. ನಾನು ಕೇಳಿದೆ, ಇದು ಆದದ್ದು ಪಾಸ್‌ಬುಕ್ ಗಲಾಟೆಗೆ ಮುಂಚೆಯೋ ಆಮೇಲೋ? ಅವರು ಲೆಕ್ಕ ಹಾಕಿದರು. ಸುಮಾರು ಹೊತ್ತು ಸುಮ್ಮನಿದ್ದರು. "ಅದೇ ದಿನ ಮೇಡಂ. ಅದೇ ದಿನ ರಾತ್ರಿ."

ಒಂದೇ ದಿನದ ಬೆಳಿಗ್ಗೆ ಮತ್ತು ರಾತ್ರಿ ಅವರ ಮನಸ್ಸಿನಲ್ಲಿ ಬೇರೆ ಬೇರೆ ಮನುಷ್ಯರ ನೆನಪಾಗಿ ಕೂತಿದ್ದವು. "ಹಾಗಾದ್ರೆ ಅವತ್ತು ನಮ್ಮನೇಲಿ ಇದ್ದಿದ್ದು ಯಾರು?" ಅಂತ ಕೇಳಿದರು. ನಿಮ್ಮಪ್ಪನೇ, ಇಡೀ ದಿನ, ಅಂದೆ. ಜೀವಮಾನವಿಡೀ ಮಾಡಿದ ಕೆಲಸ ಮೆದುಳಿನಲ್ಲಿ ತಡವಾಗಿ ಅಳಿಸುತ್ತೆ, ನಿನ್ನೆ ಮೊನ್ನೆಯದು ಬೇಗ ಹೋಗುತ್ತೆ. ಅದಕ್ಕೇ ಪರೀಕ್ಷೆ ಮಾಡುವ ಕ್ರಮ ತಿದ್ದಲು ಬಂತು, ಪಾಸ್‌ಬುಕ್ ಇಟ್ಟ ಜಾಗ ನೆನಪಾಗಲಿಲ್ಲ.

ಸಲಹೆ ಕೊಟ್ಟೆ. ಎರಡು ಪುಟದಲ್ಲಿ ಅಪ್ಪನ ಇಡೀ ಬದುಕು ಬೇಡ. ಆ ಒಂದು ದಿನ ಬರೆಯಿರಿ, ಬೆಳಿಗ್ಗೆಯಿಂದ ರಾತ್ರಿವರೆಗೆ. ಕಳ್ಳಿ ಅಂದದ್ದನ್ನೂ, ದೇವರ ಮನೆಯಲ್ಲಿ ಬೇಡಿಕೊಂಡದ್ದನ್ನೂ ಸೇರಿಸಿ, ಕೈಯಲ್ಲಿ, ನೋಟ್‌ಬುಕ್ಕಿನಲ್ಲಿ. ಅಚ್ಚಿಗೆ ಯಾವುದು ಹೋಗಬೇಕು ಅಂತ ಆಮೇಲೆ ಅಮ್ಮನ ಜೊತೆ ಕೂತು ತೀರ್ಮಾನ ಮಾಡಿ.

ಈ ಸಲಹೆಗೆ ವಿರೋಧ ಬಂತು. ಅಣ್ಣ ನನಗೇ ಫೋನ್ ಮಾಡಿ, "ಮೇಡಂ, ಅಪ್ಪನ ಮರ್ಯಾದೆ ಬೀದಿಗೆ ತರಬೇಡಿ, ಒಳ್ಳೇದನ್ನ ನೆನಪಿಟ್ಟುಕೋ ಅಂತ ಹೇಳಿ ಅವಳಿಗೆ" ಅಂದರು. ಅವರ ಪ್ರೀತಿ ನನಗೆ ಅರ್ಥವಾಗುತ್ತೆ. ಆದರೂ ನಾನು ಹಾಗೆ ಹೇಳಲ್ಲ. ಒಳ್ಳೇದನ್ನು ಮಾತ್ರ ನೆನಪಿಟ್ಟುಕೋ ಅಂದರೆ, ನೋಡಿಕೊಂಡವರ ಎರಡು ವರ್ಷವನ್ನು ಲೆಕ್ಕಕ್ಕೇ ಇಲ್ಲ ಅಂದಂತೆ ಆಗುತ್ತೆ. ಮೇಷ್ಟ್ರಿಗೆ ಬಂದದ್ದು ಕಾಯಿಲೆ, ಅದರಲ್ಲಿ ಮರ್ಯಾದೆ ಹೋಗುವಂಥದ್ದು ಏನಿದೆ? ಸಕ್ಕರೆ ಕಾಯಿಲೆಯಿಂದ ಕಾಲು ಹೋಗಿದ್ದರೆ ಯಾರೂ ಮುಚ್ಚಿಡುತ್ತಿರಲಿಲ್ಲ ಅಲ್ವಾ? ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ನೂರಕ್ಕೆ 7ಕ್ಕಿಂತ ಜಾಸ್ತಿ ಜನಕ್ಕೆ ಡಿಮೆನ್ಷಿಯಾ, ಅಂದರೆ ಈ ಮರೆವಿನ ಕಾಯಿಲೆ ಇದೆ, ಸುಮಾರು 88 ಲಕ್ಷ ಜನ. ಅರವತ್ತಕ್ಕೆ ಅರಳು ಮರಳು ಅಂತ ಹೇಳಿ ಡಾಕ್ಟರ ಹತ್ತಿರ ಹೋಗುವುದನ್ನೇ ಮುಂದೂಡುವ ಮನೆಗಳು ಎಷ್ಟೋ. ಮನಃಶಾಸ್ತ್ರದ ಮೇಷ್ಟ್ರಿಗೂ ಇದು ಬಂತು ಅಂತ ಅವರ ಮನೆಯವರೇ ಹೇಳಿದರೆ, ಆ ಸಂಚಿಕೆ ಓದುವ ನೂರಾರು ವಿದ್ಯಾರ್ಥಿಗಳಲ್ಲಿ ಯಾರಿಗಾದರೂ ತಮ್ಮ ಮನೆಯ ವಿಷಯ ಹೊಳೆಯಬಹುದು.

ಮುಗಿದುಹೋಗಲಿ ಅಂತ ಬೇಡಿಕೊಂಡ ವಿಷಯ. ಇದನ್ನು ಹೇಳದ ಆರೈಕೆದಾರರು ಕಡಿಮೆ. ಪೌಲಿನ್ ಬಾಸ್ ಅನ್ನುವ ಅಮೆರಿಕದ ಕುಟುಂಬ ಚಿಕಿತ್ಸಕಿ ಇಂಥ ನಷ್ಟದ ಬಗ್ಗೆ ದಶಕಗಳ ಕಾಲ ಕೆಲಸ ಮಾಡಿದ್ದಾರೆ. ಮನುಷ್ಯ ಎದುರಿಗೇ ಇದ್ದಾರೆ, ಆದರೆ ಇಲ್ಲ. ಅಳೋಣ ಅಂದರೆ ಸತ್ತಿಲ್ಲ, ಮಾತಾಡೋಣ ಅಂದರೆ ಗುರುತಿಲ್ಲ. ಸಾವಿಗಿಂತ ಮುಂಚೆಯೇ ಶುರುವಾದ ಈ ದುಃಖಕ್ಕೆ ಯಾರೂ ಮನೆಗೆ ಬಂದು ಸಾಂತ್ವನ ಹೇಳುವುದಿಲ್ಲ. ಈಕೆ ಬೇಡಿಕೊಂಡದ್ದು ಆ ಕಷ್ಟ ಮುಗಿಯಲಿ ಅಂತ. ಮರುದಿನ ಬೆಳಿಗ್ಗೆ ಎದ್ದು ಅಪ್ಪನಿಗೆ ಸ್ನಾನ ಮಾಡಿಸಿದ್ದೂ ಇದೇ ಮಗಳು.

ಬರೆದರು. ಅಮ್ಮ ಓದಿಸಿ ಕೇಳಿದರು. ಕಳ್ಳಿ ಅಂದದ್ದು ಅಚ್ಚಿಗೆ ಬೇಡ, ಅಂಕಿ ಹೇಳಿಕೊಟ್ಟದ್ದು ಇರಲಿ, ಕಾಯಿಲೆಯ ಹೆಸರೂ ಇರಲಿ ಅಂದರು. ಪೂರ್ತಿ ಇದ್ದಿದ್ದರೆ ನನಗೆ ಇನ್ನೂ ಇಷ್ಟವಾಗುತ್ತಿತ್ತು. ಆದರೆ ಐವತ್ತು ವರ್ಷ ಸಂಸಾರ ಮಾಡಿದವರು ಅಮ್ಮ, ಆ ಮಾತಿನ ಹಕ್ಕು ಅವರದ್ದು. ಸಂಚಿಕೆ ಹಾಗೇ ಬಂತು. ನೋಟ್‌ಬುಕ್ ಮಗಳ ಹತ್ತಿರ ಇದೆ. ವರ್ಷಾಬ್ದಿಕಕ್ಕೆ ಬಂದ ಅಣ್ಣ ಅದನ್ನು ಓದಿದರು. ಈಗಲೂ ಅವರು ನನ್ನ ಸಲಹೆ ಒಪ್ಪಿಲ್ಲ, ಆದರೆ ಅಮ್ಮನ ಔಷಧಿ, ಡಾಕ್ಟರ ಅಪಾಯಿಂಟ್‌ಮೆಂಟ್ ಎಲ್ಲ ತಾವೇ ಅಲ್ಲಿಂದ ನೋಡಿಕೊಳ್ಳುತ್ತಿದ್ದಾರಂತೆ.

ಈಗ ನಿಮ್ಮ ಮನೆಯಲ್ಲಿ ಇದೇ ನಡೆಯುತ್ತಿದ್ದರೆ, ನಾನು ಕದ್ದಿಲ್ಲ ಅಂತ ವಾದ ಮಾಡಬೇಡಿ, ಬನ್ನಿ ಹುಡುಕೋಣ ಅನ್ನಿ. ಪಾಸ್‌ಬುಕ್, ಬೀಗದ ಕೈ, ಕನ್ನಡಕಕ್ಕೆ ಒಂದೇ ಜಾಗ ಮಾಡಿ. ಇದ್ದಕ್ಕಿದ್ದಂತೆ ಗಲಿಬಿಲಿ ಜಾಸ್ತಿಯಾದರೆ ಮೂತ್ರದ ಸೋಂಕೋ ಇನ್ನೇನೋ ಇರಬಹುದು, ಅವತ್ತೇ ಡಾಕ್ಟರಿಗೆ ತೋರಿಸಿ. ನಿಮಗೇ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡುತ್ತಾರೆ.