ಗ್ಯಾರೇಜ್ ಕಾಕಾಗ ಕೇಳ್ರಿ: ಸಣ್ಣ ಟ್ರ್ಯಾಕ್ಟರಿಗೆ 30 ಬ್ರಾಸ್ ಗರಸು

ಪ್ರಶ್ನೆ: ಕಾಕಾ, ನಮ್ಮದು ಮುದ್ದೇಬಿಹಾಳ ತಾಲ್ಲೂಕು, ಎರಿ ಹೊಲ. ಡಾಂಬರ್ ರಸ್ತೆಯಿಂದ ತೋಟದ ಮನಿ ತನಕ 300 ಫೂಟ್ ದಾರಿ. ಮಳಿ ಹಿಡೀತಂದ್ರ ಬೈಕೂ ಹೋಗಂಗಿಲ್ಲ. 10 ಫೂಟ್ ಅಗಲ, ಒಂದು ಫೂಟ್ ದಪ್ಪ ಗರಸು ಹಾಕಬೇಕಂತ ಮಾಡೀನಿ. ಗರಸು ನಮ್ಮ ಮಡ್ಡಿಯೊಳಗ ಐತಿ, ಅರ್ಧ ಕಿಲೋಮೀಟರ್ ದೂರ. 24 ಎಚ್‌ಪಿ ಸಣ್ಣ ಟ್ರ್ಯಾಕ್ಟರ್ ಐತಿ, 6 ಫೂಟ್ ಉದ್ದ, 4 ಫೂಟ್ ಅಗಲ, ಒಂದೂವರಿ ಫೂಟ್ ಎತ್ತರದ ಎರಡು ಗಾಲಿ ಟ್ರೇಲರ್ ಐತಿ. ನಡುವ ಹಳ್ಳದ ಏರಿಗೆ ಮುಂದಿನ ಗಾಲಿ ಎದ್ದು ನಿಲ್ತಾವ. ಹಿಂದಿನ ಟೈರಿಗೆ ನೀರು ತುಂಬಿದ್ರ ಸರಿ ಹೋಗ್ತೈತೇನು?

ಉತ್ತರ: ಮೊದಲು ಲೆಕ್ಕ ಹಾಕೋಣ ತಮ್ಮಾ. 300ಕ್ಕ 10, ಒಂದು ಫೂಟ್ ದಪ್ಪ ಅಂದ್ರ 3,000 ಘನ ಫೂಟ್. ನೂರು ಘನ ಫೂಟಿಗೆ ಒಂದು ಬ್ರಾಸ್, ಅಲ್ಲಿಗೆ 30 ಬ್ರಾಸ್. ಆದ್ರ ಸಡಿಲ ಗರಸು ತುಳಿದಂಗ ಕೂಡ್ತೈತಿ, ಕಾಲು ಭಾಗ ಹೆಚ್ಚಿಗೆ ಹಿಡಿ. ನಿನ್ನ ಟ್ರೇಲರಿನ್ಯಾಗ ಹಿಡಿಯೋದು 36 ಘನ ಫೂಟ್. ನೂರಾ ನಾಕು ಟ್ರಿಪ್ ಆತು! ಇಬ್ಬರು ಆಳು ಸಲಿಕಿಲೆ ತುಂಬಿದ್ರ ಹೋಗಿ ಬರೋದು ಸೇರಿ ಒಂದು ಟ್ರಿಪ್ಪಿಗೆ ಮುಕ್ಕಾಲು ತಾಸು ಬೇಕು. ದಿನಕ್ಕ ಹತ್ತು ಟ್ರಿಪ್ ಹೊಡದ್ರೂ ಹನ್ನೊಂದು ದಿನ ಹೋಗ್ತೈತಿ. ಅಷ್ಟು ದಿನ ಆಳಿನ ಪಗಾರ ಯಾರು ಕೊಡಾವ್ರು?

ಇನ್ನ ತೂಕ ನೋಡು. ಒಣ ಗರಸು ಘನ ಫೂಟಿಗೆ ಸುಮಾರು 45 ಕೆಜಿ ತೂಗ್ತೈತಿ. 36 ಫೂಟಿಗೆ 1,600 ಕೆಜಿ, ಹಸಿ ಆದ್ರ ಮತ್ತಷ್ಟು. ಟ್ರೇಲರಿನ ತೂಕ ಬ್ಯಾರೆ. ನಿನ್ನ ಟ್ರ್ಯಾಕ್ಟರ್ ತಾನೇ ಒಂದು ಟನ್ನಿನ ಆಸುಪಾಸು. ಸಪಾಟು ನೆಲದಾಗ ಎಳೀತೈತಿ, ಖರೆ. ಆದ್ರ ಹಳ್ಳದ ಇಳುಕಲಿನ್ಯಾಗ ಬ್ರೇಕ್ ಹಿಡಿಯೋದು ಸಣ್ಣ ಟ್ರ್ಯಾಕ್ಟರ್, ಹಿಂದಿನಿಂದ ತಳ್ಳೋದು ಅದರ ಎರಡು ಪಟ್ಟು ಭಾರ. ಅದಕ್ಕ ಹೇರು ಅರ್ಧ ಮಾಡು. ಏರಿದ ಗೇರಿನ್ಯಾಗೇ ಇಳಿ, ನ್ಯೂಟ್ರಲ್ ಮಾತ್ರ ಬ್ಯಾಡ. ಎಡಗಾಲಿ, ಬಲಗಾಲಿಯ ಎರಡೂ ಬ್ರೇಕ್ ಪೆಡಲ್ ಕೂಡಿಸೋ ಪಟ್ಟಿ ಹಾಕೇ ಇರಲಿ.

ಟೈರಿಗೆ ನೀರು ತುಂಬಿದ್ರ ಹಿಂದಿನ ಗಾಲಿ ಜಾರೋದು ಕಮ್ಮಿ ಆಗ್ತೈತಿ, ಮುಂದಿನ ಗಾಲಿ ಏಳೋದು ನಿಲ್ಲಂಗಿಲ್ಲ. ಅದಕ್ಕ ಮುಂದ ಬಂಪರಿಗೆ ವೇಟ್ ಹಾಕಬೇಕು. ಅದಕ್ಕಿಂತ ಮೊದಲು ಬಗ್ಗಿ ನೋಡು, ಟ್ರೇಲರ್ ಎಲ್ಲಿ ಜೋಡಿಸೀದಿ? ಕೆಳಗಿನ ಹುಕ್ಕಿಗೇ ಇರಬೇಕು. ಟಾಪ್ ಲಿಂಕ್ ಅಂದ್ರ ನೇಗಿಲು ಜೋಡಿಸೋ ಮ್ಯಾಲಿನ ಸಲಾಕಿ, ಅದರ ಬ್ರಾಕೆಟ್ಟಿಗೆ ಸರಪಳಿ ಕಟ್ಟಿ ಎಳೆಯೋ ಮಂದೀನ ನಾ ಕಂಡೀನಿ. ಎಳೆತ ಹಿಂದಿನ ಅಚ್ಚಿಗಿಂತ ಮ್ಯಾಲ ಬಿದ್ರ ಟ್ರ್ಯಾಕ್ಟರ್ ಹಿಂದಕ್ಕ ಮಗಚ್ತೈತಿ, ಕ್ಲಚ್ ಒತ್ತಾಕ ಪುರಸೊತ್ತು ಸಿಗಂಗಿಲ್ಲ. ಗರಸು ಪೂರಾ ಟ್ರೇಲರಿನ ಮೂತಿಗೆ ಸುರಿದ್ರೂ ಹುಕ್ಕಿನ ಮ್ಯಾಲ ಭಾರ ಬಿದ್ದು ಮುಂದಿನ ಗಾಲಿ ಹಗುರ ಆಗ್ತಾವ. ಭಾರ ಟ್ರೇಲರಿನ ಗಾಲಿ ಅಚ್ಚಿನ ಮ್ಯಾಲ, ಸ್ವಲ್ಪೇ ಸ್ವಲ್ಪ ಮುಂದ ಬರೋಹಂಗ ತುಂಬು.

ಸುರಿಯೋ ಮಾತು ಹೇಳ್ತೀನಿ, ಯಾಕಂದ್ರ ಅದರಾಗ ನಾನೇ ಬಿದ್ದೀನಿ. ಮೊದಲ ಮಳಿ ಆಗಿತ್ತು, ಗರಸು ಹಸಿ ಇತ್ತು. ಟ್ರೇಲರಿನ ಡಬ್ಬಿ ಎತ್ತೋ ಜಾಕ್ ಎತ್ತಿದೆ. ಮುಂದಿನ ಗರಸು ಜಾರಿ ಹಿಂದಿನ ಬಾಗಿಲಿಗೆ ಬಂದು ಗಟ್ಟಿ ಕೂತು ಬಿಡ್ತು, ಹೊರಗ ಬೀಳವಲ್ದು. ಭಾರ ಪೂರಾ ಬಾಲಕ್ಕ ಬಂತು. ಹುಕ್ಕಿನ್ಯಾಗ ‘ಕಿರ್ರ್’ ಅಂತು, ಕೂತಲ್ಲೇ ನನ್ನ ಸೀಟು ಮ್ಯಾಲಕ್ಕೆದ್ದಿತು. ತಿರುಗಿ ನೋಡಿದ್ರ ಟ್ರ್ಯಾಕ್ಟರಿನ ಹಿಂದಿನ ಗಾಲಿ ನೆಲ ಬಿಟ್ಟು ಗೇಣು ಮ್ಯಾಲ! ಜಾಕ್ ನಿಧಾನ ಇಳಿಸಿ ಉಳಕೊಂಡೆ. ಅದಕ್ಕ ಹಸಿ ಗರಸು ಹೇರಬ್ಯಾಡ, ಸಪಾಟು ಜಾಗದಾಗ ಸುರಿ. ಎತ್ತಿದ ಡಬ್ಬಿ ಕೆಳಗ ಯಾರೂ ಹೋಗಿ ಸಲಿಕಿಲೆ ಬಡಿಯೋದು ಬ್ಯಾಡವೇ ಬ್ಯಾಡ.

ನನ್ನ ಸಲಹೆ ಕೇಳಿದ್ರ ಸಾಗಣಿಕಿ ನಿನ್ನ ಟ್ರ್ಯಾಕ್ಟರಿನ ಕೆಲಸ ಅಲ್ಲ. ಜೆಸಿಬಿ ತರಿಸಿ ಅದರಿಂದ ನಿನ್ನ ಟ್ರೇಲರ್ ತುಂಬಿಸ್ತೀನಂದ್ರೂ ಹೊಂದಂಗಿಲ್ಲ. ಮುಂದಿನ ಬಕೆಟ್ ಸುಮಾರು ಒಂದು ಘನ ಮೀಟರ್, ಅಂದ್ರ 35 ಘನ ಫೂಟ್. ಒಂದೇ ಬಕೆಟ್ಟಿಗೆ ನಿನ್ನ ಟ್ರೇಲರ್ ಭರ್ತಿ, ಆ ಮ್ಯಾಲ ನೀ ತಿರುಗಿ ಬರೋತನಕ ಅದರ ಬಾಡಿಗಿ ಸುಮ್ನ ಓಡ್ತೈತಿ. ಎತ್ತರದಿಂದ ಸುರಿದ್ರಂತೂ ಅಚ್ಚು ಮುರೀತೈತಿ. ಒಂದು ದಿನದ ಮಟ್ಟಿಗೆ ಜೆಸಿಬಿ, ಜೋಡಿ ಟಿಪ್ಪರ್ ಹಿಡಿ. ದಾರಿ ಉದ್ದಕ್ಕೂ ಹತ್ತು ಫೂಟಿಗೊಂದು ಗುಡ್ಡಿ ಹಾಕಿಸು. ಹರವೋದು ನಿನ್ನ ಸಣ್ಣ ಟ್ರ್ಯಾಕ್ಟರ್ ಮಾಡಲಿ, ಹಿಂದ ಬ್ಲೇಡ್ ಹಚ್ಚಿ.

ಮೊದಲು ಮ್ಯಾಲಿನ ಮೆತ್ತನ ಎರಿ ಮಣ್ಣು ಅರ್ಧ ಫೂಟ್ ತಗದು ಹೊಲಕ್ಕ ಹಾಕು. ಹಂಗೇ ಅದರ ಮ್ಯಾಲ ಗರಸು ಸುರಿದ್ರ ಮಳಿಗಾಲದಾಗ ಎರಿ ನುಂಗಿ ಹಾಕ್ತೈತಿ. ಒಂದೇ ಸಲ ಒಂದು ಫೂಟ್ ಹಾಕೂದು ಬ್ಯಾಡ. ಅರ್ಧ ಹರವಿ, ನೀರು ಹೊಡದು, ತುಂಬಿದ ಟ್ರೇಲರ್ ಹತ್ತಾರು ಸಲ ಮ್ಯಾಲ ಓಡಾಡಿಸಿ, ಉಳಿದರ್ಧ ಆಮ್ಯಾಲ. ನಡುವ ಸ್ವಲ್ಪ ಉಬ್ಬಿರಲಿ, ಎರಡೂ ಬದಿಗೆ ಗಟಾರ ಹೊಡಿ.

ಮತ್ತ, ಗರಸು ಉಪಖನಿಜ. ಸ್ವಂತ ಮಡ್ಡಿ ಆದ್ರೂ ಟಿಪ್ಪರ್ ರಸ್ತೆಗೆ ಇಳಿಸೋಕ್ಕಿಂತ ಮುಂಚೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಜಿಲ್ಲಾ ಆಫೀಸಿನ್ಯಾಗ ಪರ್ಮಿಟ್ ಬಗ್ಗೆ ಕೇಳಿಕೊಂಡು ಬಾ. ಮಿರಗದ ಮಳಿ ಹತ್ರ ಬಂತು, ಈ ವಾರಾನೇ ಹೋಗು.