ಸಂಪಾದಕರ ಉತ್ತರ: ಮರುಕಕ್ಕೆ ಎಷ್ಟು ಅಂಕ?

ಮಾನ್ಯ ಉಪನ್ಯಾಸಕಿಯವರೆ,

ನಿಮ್ಮ ಪತ್ರವನ್ನು ಪೂರ್ತಿ ಅಚ್ಚು ಹಾಕಲು ಜಾಗವಿಲ್ಲ. ಓದುಗರಿಗಾಗಿ ಸಾರವನ್ನಷ್ಟೇ ಹೇಳುತ್ತೇವೆ. ದ್ವಿತೀಯ ಪಿಯುಸಿ ತರಗತಿಗೆ ಪೂರಕ ಓದಾಗಿ ಇಂಗ್ಲಿಷ್ ಕವಿ ವಿಲಿಯಂ ಬ್ಲೇಕ್ ಚಿಮಣಿ (ಒಲೆಯ ಹೊಗೆಗೊಳವೆ) ಗುಡಿಸುವ ಹುಡುಗರ ಬಗ್ಗೆ ಬರೆದ ಎರಡು ಕವಿತೆಗಳನ್ನೂ ಶಿವರಾಮ ಕಾರಂತರ ‘ಚೋಮನ ದುಡಿ’ಯ ಕೆಲವು ಭಾಗಗಳನ್ನೂ ಕೊಟ್ಟಿರಿ. ಬಂದ ಉತ್ತರಗಳೆಲ್ಲ ‘ಓದಿ ತುಂಬಾ ದುಃಖವಾಯಿತು, ಬಾಲಕಾರ್ಮಿಕ ಪದ್ಧತಿ ಸಾಮಾಜಿಕ ಪಿಡುಗು’ ಎಂಬಲ್ಲಿಗೆ ಬಂದು ನಿಂತವು. ಸಂಜೆ ಬೇಕರಿಯಲ್ಲೋ ಮದುವೆ ಸೀಸನ್ನಿನಲ್ಲಿ ಕೇಟರಿಂಗ್‌ನವರ ಜೊತೆಗೋ ದುಡಿಯುವ ಮೂರ್ನಾಲ್ಕು ಹುಡುಗರು ಅವಧಿಯುದ್ದಕ್ಕೂ ತಲೆಯೆತ್ತಲಿಲ್ಲ. ‘ಬಡವರ ಮಕ್ಕಳಿಗೆ ಬಡತನದ್ದೇ ಪಾಠ ಯಾಕೆ ಮೇಡಂ’ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಇದನ್ನು ಕೈಬಿಡಲೇ ಎಂದು ನಮ್ಮನ್ನು ಕೇಳಿದ್ದೀರಿ.

ಬಿಡಬೇಡಿ. ಕೇಳುವ ಪ್ರಶ್ನೆಯನ್ನು ಬದಲಿಸಿ ನೋಡಿ. ‘ಓದಿದಾಗ ನಿಮಗೇನನ್ನಿಸಿತು’ ಎಂದು ಕೇಳಿದರೆ ಹದಿನೇಳರ ಹುಡುಗ ‘ಅಯ್ಯೋ ಪಾಪ’ ಅನ್ನದೆ ಮತ್ತೇನು ಅಂದಾನು? ಅವನು ಹೇಳುವುದು ಸುಳ್ಳಲ್ಲ, ಆದರೆ ಅದನ್ನು ಹೇಳಲು ಕವಿತೆ ಓದಬೇಕಾಗಿಯೂ ಇಲ್ಲ. ಬದಲಿಗೆ ದುಡ್ಡಿನ ಲೆಕ್ಕ ಕೇಳಿ: ಈ ಬರಹದಲ್ಲಿ ಹಣ ಯಾರ ಕೈಯಿಂದ ಯಾರ ಕೈಗೆ ಹೋಯಿತು? ಮಗುವಿನ ಕೈಗೆ ಏನು ಬಂತು? ಇದಕ್ಕೆ ಉತ್ತರ ಬೇಕೆಂದರೆ ಸಾಲು ಸಾಲನ್ನೂ ಕೆದಕಲೇಬೇಕು.

ಬ್ಲೇಕ್‌ನ ಮೊದಲ ಕವಿತೆ 1789ರದು, 24 ಸಾಲು. ಎರಡನೆಯದು 1794ರದು, 12 ಸಾಲು. ಎರಡೂ ಸೇರಿ ಎ4 ಹಾಳೆಯ ಒಂದು ಮಗ್ಗುಲಿಗೆ ಹಿಡಿಸುತ್ತವೆ. ಗೈಡಿನ ಸಾರಾಂಶ ಬೇಡ, ಹಿನ್ನೆಲೆಯ ಭಾಷಣವೂ ಬೇಡ. ಇಂಗ್ಲೆಂಡಿನ ಸ್ಥಿತಿಗತಿಯನ್ನು ಅರ್ಧ ಗಂಟೆ ವಿವರಿಸಿ ಆಮೇಲೆ ಕವಿತೆಗೆ ಬಂದರೆ, ನೀವು ಹೇಳಿದ್ದಕ್ಕೆ ಕವಿತೆ ಬರೀ ಉದಾಹರಣೆಯಾಗಿಬಿಡುತ್ತದೆ. ಮೊದಲ ಅವಧಿಯಲ್ಲಿ ಎರಡನ್ನೂ ಎರಡೆರಡು ಸಲ ಗಟ್ಟಿಯಾಗಿ ಓದಿಸಿ. ಮಾತಾಡುತ್ತಿರುವವರು ಯಾರು ಎಂದು ಅಂಚಿನಲ್ಲಿ ಗುರುತು ಹಾಕಲು ಹೇಳಿ. ಹೆಚ್ಚಿನವರು ಎಡವುವುದು ಇಲ್ಲೇ. ಮೊದಲ ಕವಿತೆಯಲ್ಲಿ ಮಾತಾಡುವವನು ಟಾಮ್ ಡೇಕರ್ ಎಂದು ಬರೆಯುತ್ತಾರೆ. ಟಾಮ್ ಹೊಸದಾಗಿ ಬಂದವನು, ತಲೆ ಬೋಳಿಸಿದಾಗ ಅತ್ತವನು. ಅವನನ್ನು ಸಮಾಧಾನ ಮಾಡಿ ಕಥೆ ಹೇಳುತ್ತಿರುವವನು ಅವನಿಗಿಂತ ಮೊದಲೇ ಆ ಕೆಲಸಕ್ಕೆ ಬಿದ್ದ ಇನ್ನೊಬ್ಬ ಹುಡುಗ. ಎರಡನೆಯ ಕವಿತೆ ದಾರಿಹೋಕ ದೊಡ್ಡವರೊಬ್ಬರ ಮಾತು, ಪ್ರಶ್ನೆಗಳಿಂದ ಶುರುವಾಗುತ್ತದೆ, ಮಿಕ್ಕಿದ್ದು ಹುಡುಗನ ಉತ್ತರ.

ಎರಡನೆಯ ಅವಧಿಗೆ ಕಪ್ಪುಹಲಗೆಯ ಮೇಲೆ ನಾಲ್ಕು ಅಂಕಣ ಎಳೆಯಿರಿ: ಕೊಟ್ಟವರು, ಪಡೆದವರು, ಏನು, ಎಷ್ಟನೆಯ ಸಾಲು. ಸಾಲಿನ ಸಂಖ್ಯೆ ಹೇಳದ ಉತ್ತರವನ್ನು ಹಲಗೆಗೆ ಹತ್ತಿಸಬೇಡಿ. ಅಪ್ಪ ಮಾರಿದ ಎಂಬುದು ಮೊದಲ ಕವಿತೆಯ ಎರಡನೆಯ ಸಾಲಿನಲ್ಲೇ ಸಿಗುತ್ತದೆ. ನಾಲ್ಕನೆಯ ಸಾಲು ಬಹಳ ಮಂದಿಯ ಕಣ್ಣು ತಪ್ಪಿಸುತ್ತದೆ. ಹುಡುಗ ಅಲ್ಲಿ ‘ನಿಮ್ಮ’ ಚಿಮಣಿ ಗುಡಿಸುತ್ತೇನೆ ಅನ್ನುತ್ತಾನೆ. ಓದುತ್ತಿರುವವರ ಮನೆಯ ಬೆಂಕಿಗಾಗಿ ಅವನ ದುಡಿಮೆ ಎಂದಾದ ಮೇಲೆ ಅವರೂ ಅಂಕಣದೊಳಗೆ ಬಂದೇ ಬರುತ್ತಾರೆ. ಇನ್ನು ಮಗುವಿಗೆ ಸಂದಾಯವಾದದ್ದು? ಒಂದು ಕನಸು. ಒಳ್ಳೆಯ ಹುಡುಗನಾಗಿದ್ದರೆ ದೇವರೇ ತಂದೆಯಾಗುತ್ತಾನೆಂಬ ದೇವದೂತನ ಭರವಸೆ. ಕೂಲಿಯನ್ನು ಪರಲೋಕಕ್ಕೆ ವರ್ಗ ಮಾಡಲಾಗಿದೆ.

ಅವರವರ ಕರ್ತವ್ಯ ಮಾಡಿದವರಿಗೆ ಕೆಡುಕಿನ ಭಯವಿಲ್ಲ ಎಂಬ ಕೊನೆಯ ಸಾಲನ್ನು ಕವಿಯ ಉಪದೇಶವೆಂದೇ ಹಲವರು ಬರೆಯುತ್ತಾರೆ. ನಮ್ಮ ಕಡೆ ಅದಕ್ಕೆ ‘ಕಾಯಕವೇ ಕೈಲಾಸ’ದ ಬೆಂಬಲವೂ ದೊರೆಯುತ್ತದೆ. ಇದನ್ನು ತಪ್ಪೆಂದು ಗೆರೆ ಎಳೆದು ಮುಂದೆ ಹೋಗಬೇಡಿ, ಹತ್ತು ನಿಮಿಷ ಚರ್ಚೆಗೆ ಬಿಡಿ. ಆಯ್ದ ಅಕ್ಕಿ ಹೆಚ್ಚಾಯಿತು, ಹೆಚ್ಚಿನದನ್ನು ಇದ್ದಲ್ಲಿಗೇ ಸುರಿದು ಬಾ ಎಂದು ಗಂಡನಿಗೆ ಹೇಳಿದ ಆಯ್ದಕ್ಕಿ ಲಕ್ಕಮ್ಮ ತನ್ನ ಕಾಯಕವನ್ನು ತಾನೇ ಒಪ್ಪಿಕೊಂಡವಳು. ಎಷ್ಟು ಸಾಕು ಎಂದು ತೀರ್ಮಾನಿಸುವ ಹಕ್ಕು ಅವಳಲ್ಲಿತ್ತು. ಮಾರಾಟವಾದ ಹುಡುಗನ ಬಾಯಲ್ಲಿ ಕರ್ತವ್ಯದ ಮಾತು ಬಂದರೆ, ಅದನ್ನು ಅವನಿಗೆ ಹೇಳಿಕೊಟ್ಟವರು ಯಾರು ಎಂದು ಕೇಳಿ. ಎರಡನೆಯ ಕವಿತೆಯಲ್ಲಿ ಅದಕ್ಕೆ ಉತ್ತರವಿದೆ: ಅಪ್ಪ ಅಮ್ಮ ಪ್ರಾರ್ಥನೆಗೆಂದು ಚರ್ಚಿಗೆ ಹೋಗಿದ್ದಾರೆ, ದೇವರು, ಪಾದ್ರಿ, ರಾಜ ಮೂವರೂ ಸಾಲಾಗಿ ನಿಂತಿದ್ದಾರೆ.

ಹಿನ್ನೆಲೆಯ ಸಂಗತಿಗಳಿಗೆ ಮೂರನೆಯ ಅವಧಿ ಸಾಕು. ಕಲ್ಲಿದ್ದಲ ಒಲೆಗಳ ಚಿಮಣಿ ಕೆಲವು ಕಡೆ ಒಂಬತ್ತು ಅಂಗುಲಕ್ಕೆ ಒಂಬತ್ತು ಅಂಗುಲದಷ್ಟೇ ಇರುತ್ತಿತ್ತು, ಒಳಗೆ ಹತ್ತಿ ಗುಡಿಸಲು ಚಿಕ್ಕ ಮೈಯವರು ಬೇಕಾದದ್ದು ಅದಕ್ಕೇ. ಹಲಗೆಯ ಮೇಲೆ ಆ ಅಳತೆಯ ಚೌಕ ಬರೆದು ತೋರಿಸಿದರೆ ಬೇರೆ ವಿವರಣೆ ಬೇಕಾಗುವುದಿಲ್ಲ. ಎಂಟು ವರ್ಷದೊಳಗಿನವರು ಕೂಡದು ಎಂಬ ಕಾಯ್ದೆ 1788ರಲ್ಲೇ, ಅಂದರೆ ಮೊದಲ ಕವಿತೆಗೆ ಒಂದು ವರ್ಷ ಮುಂಚೆಯೇ ಬಂದಿತ್ತು. ಜಾರಿ ಮಾಡುವವರಿರಲಿಲ್ಲ. ಮಕ್ಕಳ ಬದಲು ಬಳಸಬಹುದಾದ ಉದ್ದ ಕೋಲಿನ ಬ್ರಷ್ಷನ್ನು ಜಾರ್ಜ್ ಸ್ಮಾರ್ಟ್ ಎಂಬಾತ 1803ರಲ್ಲಿ ಮಾಡಿದ. ಆದರೂ ಪದ್ಧತಿ ನಿಂತದ್ದು 1875ರ ಕಾಯ್ದೆ ಗುಡಿಸುವವರಿಗೆ ಪೊಲೀಸ್ ಲೈಸೆನ್ಸ್ ಕಡ್ಡಾಯ ಮಾಡಿದ ಮೇಲೆ. ಬ್ರಷ್ ಕೈಯಲ್ಲಿದ್ದೂ 72 ವರ್ಷ ಮಗುವನ್ನೇ ಹತ್ತಿಸಿದರೇಕೆ ಎಂಬುದು ವಿದ್ಯಾರ್ಥಿಗಳೇ ಬಿಡಿಸಬೇಕಾದ ಪ್ರಶ್ನೆ. ಕೊಂಕು ಚಿಮಣಿಗಳಲ್ಲಿ ಬ್ರಷ್ ತಿರುಗುವುದಿಲ್ಲ, ಸರಿಪಡಿಸುವ ಖರ್ಚು ಮನೆಯ ಯಜಮಾನನದು ಎಂಬ ಸುಳಿವಷ್ಟೇ ಕೊಡಿ.

ನಿಮ್ಮ ಜಿಲ್ಲೆಯಲ್ಲಿ ರೇಷ್ಮೆ ಇದೆ ಎಂದು ಬರೆದಿದ್ದೀರಿ. ಹಾಗಿದ್ದರೆ ಇದನ್ನೂ ಸೇರಿಸಿ: 1833ರ ಬ್ರಿಟಿಷ್ ಕಾರ್ಖಾನೆ ಕಾಯ್ದೆ ಒಂಬತ್ತು ವರ್ಷದೊಳಗಿನವರನ್ನು ಜವಳಿ ಗಿರಣಿಗಳಿಂದ ಹೊರಗಿಟ್ಟಾಗ ರೇಷ್ಮೆ ಗಿರಣಿಗಳಿಗೆ ವಿನಾಯಿತಿ ಕೊಟ್ಟಿತು. ಕರ್ನಾಟಕದ ನೂಲು ಬಿಚ್ಚಾಣಿಕೆ ಮತ್ತು ಟ್ವಿಸ್ಟಿಂಗ್ ಘಟಕಗಳಲ್ಲಿ ಹೆತ್ತವರು ಪಡೆದ ಮುಂಗಡಕ್ಕೆ ಮಕ್ಕಳು ಕಟ್ಟುಬಿದ್ದು ದುಡಿಯುತ್ತಿದ್ದುದನ್ನು ಹ್ಯೂಮನ್ ರೈಟ್ಸ್ ವಾಚ್ 1996ರ ಮತ್ತು 2003ರ ವರದಿಗಳಲ್ಲಿ ದಾಖಲಿಸಿದೆ. ಬಿಚ್ಚಾಣಿಕೆಯೆಂದರೆ ಗೂಡು ಬೇಯುವ ಬಿಸಿನೀರಿಗೆ ಕೈಹಾಕಿ ನೂಲೆಳೆಯ ತುದಿ ಹುಡುಕುವ ಕೆಲಸ. ಬ್ಲೇಕ್‌ನ ಹುಡುಗನನ್ನು ಮಾರಿದ ಅಪ್ಪ, ಇಲ್ಲಿ ಮುಂಗಡ ಪಡೆದ ಅಪ್ಪ, ಇಬ್ಬರೂ ಅದೇ ನಾಲ್ಕು ಅಂಕಣದಲ್ಲಿ ಕೂರುತ್ತಾರೆ. ಆದರೆ ಅಪ್ಪನನ್ನು ಖಳನಾಯಕ ಮಾಡಿ ಕೈತೊಳೆದುಕೊಳ್ಳಲು ಬಿಡಬೇಡಿ. ಮುಂಗಡ ಕೊಟ್ಟವನ ಸಾಲು ಖಾಲಿ ಉಳಿದಿದ್ದರೆ ಲೆಕ್ಕ ಅರ್ಧವಾದಂತೆ.

‘ಚೋಮನ ದುಡಿ’ 1933ರದು. ಅಲ್ಲಿ ಸಾಲದ ಎಳೆಯೊಂದನ್ನೇ ಹಿಡಿದು ಹೋಗಿ. ಸಾಲ ತೀರಿಸಲೆಂದು ಚೋಮನ ಮಕ್ಕಳಾದ ಚನಿಯ, ಗುರುವ ಘಟ್ಟದ ಕಾಫಿ ತೋಟಕ್ಕೆ ಹೋಗುತ್ತಾರೆ. ಒಬ್ಬ ಕಾಯಿಲೆ ಬಿದ್ದು ಸಾಯುತ್ತಾನೆ, ಇನ್ನೊಬ್ಬ ಮತಾಂತರಗೊಂಡು ದೂರವಾಗುತ್ತಾನೆ, ಸಾಲ ಹಾಗೇ ಇರುತ್ತದೆ. ಆಮೇಲೆ ಮಗಳು ಬೆಳ್ಳಿಯ ಸರದಿ. ಬ್ಲೇಕ್‌ನಲ್ಲಿ ಇಲ್ಲದ ಒಂದು ಗೋಡೆ ಇಲ್ಲಿದೆ: ದುಡಿದು ಕೂಡಿಟ್ಟರೂ ಚೋಮನ ಜಾತಿಯವನಿಗೆ ಬೇಸಾಯಕ್ಕೆ ನೆಲ ಸಿಗುವುದಿಲ್ಲ. ‘ಬಡತನ’ ಎಂದು ಮಾತ್ರ ಬರೆದು ಜಾತಿಯನ್ನು ಬಿಟ್ಟ ಉತ್ತರಕ್ಕೆ ಪೂರ್ಣ ಅಂಕ ಕೊಡುವುದು ನಮ್ಮ ಮಟ್ಟಿಗೆ ಒಪ್ಪಿತವಲ್ಲ. ಬೆಳ್ಳಿಯ ತೋಟದ ಅಧ್ಯಾಯಗಳಲ್ಲಿ ಲೈಂಗಿಕ ಶೋಷಣೆಯ ವಿಷಯ ಬರುತ್ತದೆ. ಹಿಂದಿನ ದಿನವೇ ತರಗತಿಗೆ ತಿಳಿಸಿ, ಗಟ್ಟಿಯಾಗಿ ಓದಿಸದೆ ಮೌನ ಓದಿಗೆ ಬಿಡಿ.

ಇನ್ನು ತಲೆ ತಗ್ಗಿಸಿದ ಹುಡುಗರು. ‘ನಿಮ್ಮಲ್ಲಿ ಯಾರು ಕೆಲಸಕ್ಕೆ ಹೋಗುತ್ತೀರಿ, ಕೈಯೆತ್ತಿ’ ಎಂದು ಯಾವ ಕಾರಣಕ್ಕೂ ಕೇಳಬೇಡಿ. ಅನುಭವ ಹೇಳಿಸುವ ಉತ್ಸಾಹ ಇಲ್ಲಿ ಕ್ರೌರ್ಯವಾಗುತ್ತದೆ. ಕಾನೂನು ಏನೆನ್ನುತ್ತದೆ ಎಂಬುದನ್ನು ಮಾತ್ರ ಇಡೀ ತರಗತಿಗೆ ಸ್ಪಷ್ಟಪಡಿಸಿ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾದ ಮೇಲೆ 14 ವರ್ಷದೊಳಗಿನವರನ್ನು ಯಾವ ಕೆಲಸಕ್ಕೂ ಹಚ್ಚುವಂತಿಲ್ಲ. ಶಾಲೆಯ ಹೊತ್ತಿನ ಹೊರಗೆ ಮನೆಯವರ ಕಸುಬಿಗೆ ನೆರವಾಗುವುದು ಮತ್ತು ಬಾಲ ಕಲಾವಿದರ ಕೆಲಸ, ಇವೆರಡಕ್ಕೆ ಷರತ್ತಿನ ವಿನಾಯಿತಿ ಇದೆ. 14 ತುಂಬಿ 18 ಆಗದವರನ್ನು ಗಣಿ, ಸ್ಫೋಟಕದಂಥ ಅಪಾಯದ ಕೆಲಸಗಳಿಗೆ ಸೇರಿಸುವಂತಿಲ್ಲ. ಉಳಿದ ಕೆಲಸಗಳಲ್ಲೂ ರಾತ್ರಿ 7ರಿಂದ ಬೆಳಿಗ್ಗೆ 8ರವರೆಗೆ ದುಡಿಸುವಂತಿಲ್ಲ. ಇದನ್ನು ಕೇಳಿದಾಗ ಬೇಕರಿಯ ಹುಡುಗನಿಗೆ ಎರಡು ಸಂಗತಿ ತಿಳಿಯುತ್ತವೆ: ದುಡಿಯುವುದು ತನ್ನ ಅಪರಾಧವಲ್ಲ, ಹೊತ್ತು ಮೀರಿ ದುಡಿಸಿದರೆ ತಪ್ಪು ಮಾಲೀಕನದು. ಅವನಾಗಿಯೇ ಬಂದು ಹೇಳಿಕೊಂಡರೆ ಒಬ್ಬನನ್ನೇ ಕೂರಿಸಿಕೊಂಡು ಕೇಳಿ. ಅಪಾಯವೋ ಬಲವಂತವೋ ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ. ‘ಯಾರಿಗೂ ಹೇಳುವುದಿಲ್ಲ’ ಎಂದು ಮೊದಲೇ ಮಾತು ಕೊಡಬೇಡಿ, ಉಳಿಸಿಕೊಳ್ಳಲು ಆಗದೆ ಹೋಗಬಹುದು.

ತಲೆ ತಗ್ಗಿಸಿದ ಆ ಹುಡುಗರಿಗೆ ಹೆಚ್ಚು ಒದಗುವುದು ಎರಡನೆಯ ಕವಿತೆ. ನಾನು ಹಾಡಿಕೊಂಡು ಕುಣಿಯುವುದರಿಂದ ಅಪ್ಪ ಅಮ್ಮ ತಮ್ಮಿಂದ ನನಗೇನೂ ಅನ್ಯಾಯವಾಗಿಲ್ಲ ಎಂದುಕೊಂಡಿದ್ದಾರೆ ಎಂದು ಅಲ್ಲಿ ಹುಡುಗ ಹೇಳುತ್ತಾನೆ. ‘ನಮ್ಮ ಹುಡುಗ ಖುಷಿಯಾಗೇ ಇದಾನಲ್ಲ’ ಎನ್ನುವ ಮಾಲೀಕರ ಮಾತನ್ನು ನಿಮ್ಮ ಈ ಹುಡುಗರು ದಿನವೂ ಕೇಳಿರುತ್ತಾರೆ. ಬರೆಯಲು ಕೊಡುವಾಗ ‘ನನ್ನ ಅನುಭವ’ ಎಂಬ ಶೀರ್ಷಿಕೆ ಬೇಡ. ‘ನಿಮಗೆ ಗೊತ್ತಿರುವ ಒಂದು ಕೆಲಸವನ್ನು ಮೊದಲಿಂದ ಕೊನೆಯವರೆಗೆ 200 ಪದಗಳಲ್ಲಿ ಬರೆಯಿರಿ, ಯಾರ ಹೆಸರೂ ಬೇಡ, ದುಃಖ ಎಂಬ ಪದವೂ ಬೇಡ’ ಅನ್ನಿ. ಕೆಲಸ ಗೊತ್ತಿದ್ದವರ ಬರಹ ತಾನಾಗಿಯೇ ಮುಂದೆ ಬರುತ್ತದೆ, ಹಾಗೆ ಮುಂದೆ ಬಂದದ್ದಕ್ಕೆ ಯಾರೂ ಮರುಕ ತೋರಿಸಬೇಕಾಗಿಲ್ಲ.

ಅಂಕ ಹಂಚುವ ಬಗ್ಗೆ ಕೇಳಿದ್ದೀರಿ. ಹತ್ತಕ್ಕೆ ಲೆಕ್ಕ ಹಾಕಿದರೆ, ಸಾಲಿನ ಆಧಾರಕ್ಕೆ ನಾಲ್ಕು, ಮಾತಾಡುವವರನ್ನು ಗುರುತಿಸಿದ್ದಕ್ಕೆ ಎರಡು, ಕೊಡು-ಕೊಳ್ಳುವಿಕೆಯ ವಿವರಣೆಗೆ ನಾಲ್ಕು. ಮರುಕಕ್ಕೆ ಸೊನ್ನೆ. ಇದನ್ನು ಬರೆಸುವ ಮುಂಚೆಯೇ ಹೇಳಿಬಿಡಿ, ಇಲ್ಲವಾದರೆ ಮೋಸವಾದೀತು.

ಸಹೋದ್ಯೋಗಿಗಳ ಪ್ರಶ್ನೆಗೆ ಬೇರೆ ಉತ್ತರ ಬೇಕಾಗಲಿಕ್ಕಿಲ್ಲ, ಒಂದು ಅವಧಿ ಬಂದು ಕೂರಲು ಹೇಳಿ. ಬಿ.ವಿ. ಕಾರಂತರು ನಿರ್ದೇಶಿಸಿದ 1975ರ ಚಲನಚಿತ್ರವನ್ನು ತೋರಿಸಬಹುದೇ ಎಂದೂ ಕೇಳಿದ್ದೀರಿ. ಖಂಡಿತ ತೋರಿಸಿ, ಆದರೆ ಉತ್ತರಪತ್ರಿಕೆ ಕೈಸೇರಿದ ಮೇಲೆ. ಮೊದಲೇ ನೋಡಿಬಿಟ್ಟರೆ ಎಂ.ವಿ. ವಾಸುದೇವರಾಯರ ಚೋಮನ ಮುಖವೇ ಕಣ್ಣಿಗೆ ಕಟ್ಟಿ, ಹುಡುಗರು ಕಾದಂಬರಿಯನ್ನು ಬಿಟ್ಟು ಸಿನಿಮಾದ ಬಗ್ಗೆ ಬರೆದುಕೊಡುತ್ತಾರೆ.

— ಸಂಪಾದಕರು