ನಿಮ್ಮ ಹದಿಮೂರು ಪ್ರಶ್ನೆಗಳ ಬಗ್ಗೆ

ನಮಸ್ಕಾರ.

ಅಡಿಕೆ ಕೊಳೆರೋಗದ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಬಿಟ್ಟುಬಿಡಬೇಡಿ, ಒಳಗೆ ಒಳ್ಳೆಯ ಸರಕಿದೆ. ‘ಓದುವವರಿಗೆ ಬೇಜಾರಾಗದಿರಲಿ ಅಂತ ಅಲ್ಲಲ್ಲಿ ಪ್ರಶ್ನೆ ಹಾಕಿದ್ದೇನೆ, ಸರಿಯಾಗಿದೆಯಾ?’ ಎಂದು ಪತ್ರದಲ್ಲಿ ಕೇಳಿದ್ದೀರಿ. ಅದಕ್ಕೇ ಉತ್ತರ ಬರೆಯುತ್ತಿದ್ದೇನೆ.

ಎಣಿಸಿದೆ, 13 ಪ್ರಶ್ನೆಗಳಿವೆ. ಮೊದಲ ಸಾಲೇ ‘ಅಡಿಕೆ ಯಾರಿಗೆ ತಾನೇ ಗೊತ್ತಿಲ್ಲ?’ ನಮ್ಮಲ್ಲಿ ಓದುವವರು ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ತೋಟದವರು. ಅವರಿಗೆ ಇದನ್ನು ಕೇಳಿ ಏನು ಪ್ರಯೋಜನ? ಬೆನ್ನಿಗೇ ‘ರೈತರ ಕಣ್ಣೀರಿಗೆ ಬೆಲೆ ಇಲ್ಲವೇ?’, ‘ಇದಕ್ಕೆಲ್ಲ ಯಾರು ಹೊಣೆ?’ ಎಂದಿದ್ದೀರಿ. ಕೊನೆಯವರೆಗೂ ಉತ್ತರ ಇಲ್ಲ. ಪ್ರಶ್ನೆ ಕೇಳಿದಿರಿ ಅಂದರೆ ಓದುವವರು ಕಾಯುತ್ತಾರೆ. ಎರಡು ಸಲ ಕಾದು ಏನೂ ಸಿಗದಿದ್ದರೆ ಮೂರನೆಯದಕ್ಕೆ ಪುಟ ಮಗುಚುತ್ತಾರೆ.

ಈಗ ನಿಮ್ಮ ಐದನೇ ಪ್ಯಾರಾ ನೋಡಿ. ನಿಮ್ಮ ತಂದೆಯವರು ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ಮದ್ದು ತಯಾರಿಸುವುದನ್ನು ಬರೆದಿದ್ದೀರಿ. 100 ಲೀಟರ್ ನೀರು, 1 ಕೆಜಿ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ. ಆಮೇಲೆ ಚೆನ್ನಾಗಿ ಉಜ್ಜಿದ ಕತ್ತಿಯ ಅಲಗನ್ನು ಮದ್ದಿನಲ್ಲಿ ಅದ್ದುತ್ತಾರೆ. ತೆಗೆದು ಬೆಳಕಿಗೆ ಹಿಡಿದು ನೋಡುತ್ತಾರೆ. ಕೆಂಪಗೆ ಕಂಡರೆ ಇನ್ನಷ್ಟು ಸುಣ್ಣದ ತಿಳಿ ಹಾಕುತ್ತಾರೆ. ಅಷ್ಟೇ ಬರೆದು ನೀವು ಮುಂದೆ ಹೋಗಿಬಿಟ್ಟಿರಿ! ನಾನು ಅಲ್ಲೇ ನಿಂತೆ. ಅಲಗು ಕೆಂಪಾಗುವುದು ಯಾಕೆ? ನೀವು ಕೇಳಬೇಕಾಗಿದ್ದ ಪ್ರಶ್ನೆ ಇದು. ಸುಣ್ಣ ಸಾಲದಿದ್ದಾಗ ನೀರಲ್ಲಿ ಉಳಿದ ಮೈಲುತುತ್ತಿನ ತಾಮ್ರ ಅಲಗಿನ ಕಬ್ಬಿಣಕ್ಕೆ ಅಂಟುತ್ತದೆ. ಅಂಥ ಮದ್ದು ಹೊಡೆದರೆ ಎಳೆ ಕಾಯಿ ಸುಟ್ಟ ಹಾಗಾಗುತ್ತದೆ. ಎರಡೇ ಸಾಲಿನ ಉತ್ತರ. ವರ್ಷ ವರ್ಷ ಕತ್ತಿ ಅದ್ದಿ ನೋಡುವವರೂ ಇದನ್ನು ಓದದೆ ಬಿಡುವುದಿಲ್ಲ.

ಮಳೆಗಾಲ ಹಿಡಿಯುವ ಮುಂಚೆ ಒಂದು ಸಲ, 40–45 ದಿನಕ್ಕೆ ಇನ್ನೊಂದು ಸಲ ಮದ್ದು ಹೊಡೆಯಬೇಕು ಎನ್ನುವುದು ಎಲ್ಲರಿಗೂ ಗೊತ್ತು. ಆ ಎರಡನೇ ಸಲಕ್ಕೆ ಮಳೆ ಬಿಟ್ಟು ಹೊಳವಾಗದಿದ್ದರೆ? ಹೊಳವಾದ ದಿನ ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡ ಸಿಗದಿದ್ದರೆ? ಜುಲೈನಲ್ಲಿ ತೋಟದವರ ಮನೆಯಲ್ಲಿ ದಿನಾ ಇದೇ ಮಾತು, ಅಲ್ವಾ? ನಿಮ್ಮ ಪಕ್ಕದ ಮನೆಯವರು ಮೊದಲೇ ಅಡಿಕೆ ಕೊನೆಗೆ (ಗೊಂಚಲಿಗೆ) ಮಳೆ ತಾಗದ ಹಾಗೆ ಕೊಟ್ಟೆ ಕಟ್ಟಿಸಿದ್ದನ್ನು ಕೊನೆಯ ಪ್ಯಾರಾದಲ್ಲಿ ಒಂದು ಸಾಲಿನಲ್ಲಿ ಮುಗಿಸಿದ್ದೀರಿ. ಅದನ್ನು ಈ ಪ್ರಶ್ನೆಯ ಪಕ್ಕಕ್ಕೆ ತನ್ನಿ. ಕೂಲಿ ಎಷ್ಟಾಯಿತು, ಎಷ್ಟು ಕೊನೆ ಉಳಿಯಿತು, ಅವರನ್ನೇ ಕೇಳಿ ಬರೆಯಿರಿ.

ಹದಿಮೂರನ್ನೂ ತೆಗೆದುಹಾಕಿ. ಕತ್ತಿ ಅದ್ದುವಲ್ಲಿಂದಲೇ ಶುರು ಮಾಡಿ. ಅಲಗನ್ನು ಎಷ್ಟು ಹೊತ್ತು ಅದ್ದಿ ಹಿಡಿಯುತ್ತಾರೆ ಅಂತ ನೀವು ಬರೆದಿಲ್ಲ. ತಂದೆಯವರನ್ನು ಕೇಳಿ ಅದನ್ನೂ ಸೇರಿಸಿ. ಮೇ ಹದಿನೈದರೊಳಗೆ ನನ್ನ ಕೈ ಸೇರಿದರೆ ಮೊದಲ ಮದ್ದು ಹೊಡೆಯುವ ಮುಂಚೆ ಹಾಕುತ್ತೇನೆ.